ಮಾತು ತುಂಡಾಗದ ಹುಡುಗಿ

ನನ್ನ ಅತ್ತಿಗೆಯನ್ನು ನಮ್ಮ ಬೀದಿಯವರೆಲ್ಲ ಟೇಪಕ್ಕ ಎಂದೇ ಕರೆಯುತ್ತಾರೆ. ಅಳತೆ ಟೇಪು ಅವಳ ಕೊರಳಿಗೆ ಬಿದ್ದದ್ದು ಯಾವಾಗ ಎಂದು ಅವಳಿಗೇ ನೆನಪಿಲ್ಲ. ಬ್ಯಾಂಕಿಗೆ, ಆಸ್ಪತ್ರೆಗೆ, ಒಮ್ಮೆ ಸ್ವಂತ ಸೋದರಮಾವ ತೀರಿಕೊಂಡ ದಿನ ಅವರ ಮನೆಗೂ ಅದನ್ನು ನೇತುಹಾಕಿಕೊಂಡೇ ಹೋಗಿದ್ದಳು. ನನ್ನ ಅಣ್ಣನನ್ನು ಮದುವೆಯಾಗುವ ಮೊದಲು ಅವಳು ಶಾಲೆಯಲ್ಲಿ ನನ್ನ ಬೆಂಚಿನವಳು. ಹಾಗಾಗಿ ಅತ್ತಿಗೆ ಎಂದು ಕರೆದರೂ ನಮ್ಮ ಮಾತೆಲ್ಲ ಏಕವಚನದಲ್ಲೇ, ಜಗಳವೂ ಏಕವಚನದಲ್ಲೇ.

ಅವಳ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವುದು, ಅಂಚು ಮಡಿಸುವುದು, ಇಸ್ತ್ರಿ ಮಾಡುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಅವಳ ಕಥೆ ಹೇಳಲು ಹೊರಟರೆ ನನ್ನದೂ ಅರ್ಧ ಅದರಲ್ಲಿ ಬರುತ್ತದೆ. ಬರಲಿ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದು ಸಾಕು.

ಅಂಗಡಿ ಎಂದರೆ ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಅಲ್ಲಿ ಬಟ್ಟೆ ಹಾಕಿ ನೋಡುವವರು ಕನ್ನಡಿಯತ್ತ ಮುಖ ಮಾಡಿ ನಿಲ್ಲುತ್ತಾರೆ, ಅತ್ತಿಗೆ ಅವರ ಹಿಂದೆ ನಿಲ್ಲುತ್ತಾಳೆ. ಅದರಿಂದ ಅವಳಿಗೊಂದು ವಿಚಿತ್ರ ಅಭ್ಯಾಸ ಬಂದುಬಿಟ್ಟಿದೆ. ಎದುರಿಗೆ ಬಂದರೆ ಪಕ್ಕದ ಮನೆಯವಳನ್ನೂ ಯಾರೋ ಎಂಬಂತೆ ನೋಡುತ್ತಾಳೆ. ಆದರೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರ ಬೆನ್ನು ಕಂಡರೆ ಸಾಕು, “ಎಂಟು ವರ್ಷದ ಹಿಂದೆ ನೀಲಿ ಅಂಗಿ ಹೊಲಿಸಿದ್ರಲ್ಲ, ಬಲಗಡೆ ಭುಜ ಸ್ವಲ್ಪ ಮುಂದಕ್ಕಿದೆ ನೋಡು” ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ. ಒಮ್ಮೆಯೂ ತಪ್ಪಿದ್ದಿಲ್ಲ.

ಹದಿನೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ಹತ್ತೊಂಬತ್ತರ ಹುಡುಗಿಯೊಬ್ಬಳು ಒಂದೇ ಉಸಿರಿನಲ್ಲಿ ಮಾತಾಡುತ್ತಾ ಬಂದಳು. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ನಾಳೆ ಬೆಳಿಗ್ಗೆ ಹಾಜರಾಗಬೇಕು, ಅವರು ಕೊಟ್ಟ ಬಿಳಿ ಕೋಟು ದೊಗಳೆಯಾಗಿದೆ, ಸಂಜೆಯೊಳಗೆ ಸರಿಮಾಡಿ ಕೊಡಿ ಎಂದಳು. ಪರದೆಯ ಹಿಂದೆ ಹೋಗಿ ತನ್ನ ಅಂಗಿ ಕಳಚಿಟ್ಟು ಬರೀ ಮೈ ಮೇಲೆ ಕೋಟು ತೊಟ್ಟು ನಿಂತಳು. ಅತ್ತಿಗೆ ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಹಿಂಭಾಗದ ಬಟ್ಟೆ ಒಟ್ಟುಗೂಡಿಸಿ ಪಿನ್ನು ಹಾಕತೊಡಗಿದಳು. ಹುಡುಗಿ ಹೋಟೆಲಿನ ದೊಡ್ಡ ಬಾಣಸಿಗನ ಬಗ್ಗೆ ಹೇಳುತ್ತಿದ್ದಳು. ಅವನಿಗೆ ಮೂರು ಬೆಕ್ಕುಗಳಿವೆಯಂತೆ, ಸಂದರ್ಶನದಲ್ಲಿ ಅಡುಗೆಯ ಬಗ್ಗೆ ಕೇಳದೆ ಬೆಕ್ಕಿನ ಬಗ್ಗೆಯೇ ಕೇಳಿದನಂತೆ.

ಎಡ ಹೆಗಲ ಮೂಳೆಯ ಕೆಳಗೆ ಹಾಕಿದ ಪಿನ್ನು ಬಟ್ಟೆಗೆ ನಿಲ್ಲದೆ ಒಳಗೆ ಹೋಯಿತು. ಸ್ವಲ್ಪ ಅಲ್ಲ, ಅರ್ಧ ಪಿನ್ನು. ಅತ್ತಿಗೆ ಗಾಬರಿಯಿಂದ ಎಳೆದಳು. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಮೂಡಿ, ನಾವು ನೋಡುತ್ತಿದ್ದಂತೆ ಗುಂಡಿಯಷ್ಟು ದೊಡ್ಡದಾಯಿತು. ಹುಡುಗಿಯ ಮಾತು ತುಂಡಾಗಲಿಲ್ಲ. ಮೂರನೆಯ ಬೆಕ್ಕಿಗೆ ಒಂದು ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದಳು.

ಹಿಂದಿನ ವಾರವಷ್ಟೇ ಒಬ್ಬ ಟೀಚರಮ್ಮನಿಗೆ ಪಿನ್ನು ತಾಗಿ, ಅವರು ಬೀದಿಯಲ್ಲಿ ನಿಂತು ಅಂಗಡಿಯ ಮಾನ ಹರಾಜು ಹಾಕಿದ್ದರು. ಆ ಭಯ ಇನ್ನೂ ಹಸಿಯಾಗಿತ್ತು. ಅತ್ತಿಗೆ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ತೀರ ಸಹಜವಾಗಿ ಕೇಳಿದಳು:

“ಪಿನ್ನು ಸ್ವಲ್ಪ ತಾಗಿತೇನಮ್ಮಾ?”

“ಇಲ್ವಲ್ಲಾ ಅಕ್ಕಾ.”

“ಭಲೇ ಗಟ್ಟಿಗಿತ್ತಿ ಕಣೇ ನೀನು! ಅಡುಗೆಮನೆಗೇ ಹೇಳಿ ಮಾಡಿಸಿದ ಚರ್ಮ. ಬೆಂಕಿ ಗಿಂಕಿ ಎಲ್ಲ ನಿನಗೆ ಯಾವ ಲೆಕ್ಕ ಬಿಡು.”

ಹುಡುಗಿ ಖುಷಿಯಿಂದ ನಕ್ಕಳು. ನಾನು ಕೋಟು ಬಿಚ್ಚಿಸಿಕೊಂಡೆ. “ಬೆನ್ನಿಗೆ ಚಾಕ್ ಪುಡಿ ಆಗಿದೆ, ಒರೆಸ್ತೀನಿ ಇರು” ಎಂದು ಸುಳ್ಳು ಹೇಳಿ, ರಕ್ತ ನಿಲ್ಲುವವರೆಗೂ ಒದ್ದೆ ಬಟ್ಟೆ ಒತ್ತಿ ಹಿಡಿದೆ. ಪಿನ್ನು ಚುಚ್ಚಿದ ಜಾಗದ ಸುತ್ತ ಅಂಗೈ ಅಗಲದಷ್ಟು ಚರ್ಮ ಬಿಳಚಿಕೊಂಡಿತ್ತು. ಏನೋ ಕಲೆ ಅಂದುಕೊಂಡೆ. ಆಮೇಲೆ ಕೋಟಿನ ಕಲೆಯನ್ನು ತಣ್ಣೀರಿನಲ್ಲಿ ಸೋಪು ಹಚ್ಚಿ ತಿಕ್ಕಿದೆ. ಕಲೆ ತೆಗೆಯುವುದರಲ್ಲಿ ನನ್ನ ಕೈ ಒಳ್ಳೆಯದು, ಸಂಜೆ ಕೋಟು ಕೊಡುವಾಗ ಹುಡುಕಿದರೂ ಕಾಣುತ್ತಿರಲಿಲ್ಲ.

ಮುಂದಿನ ಹನ್ನೊಂದು ವರ್ಷ ಇದು ಅತ್ತಿಗೆಯ ನೆಚ್ಚಿನ ಕಥೆಯಾಯಿತು. ಯಾರಾದರೂ ಪಿನ್ನು ತಾಗಿ ‘ಸ್ಸ್’ ಎಂದರೆ ಸಾಕು, “ಒಬ್ಬಳು ಬಂದಿದ್ಲು ನೋಡಿ, ಹೋಟೆಲ್ ಹುಡುಗಿ. ಪಿನ್ನು ಚುಚ್ಚಿದ್ರೂ ಬೆಕ್ಕಿನ ಕಥೆ ನಿಲ್ಲಿಸ್ಲಿಲ್ಲ. ನೀವು ಇಷ್ಟಕ್ಕೇ ಕುಣೀತೀರಲ್ಲ!” ಎಂದು ಶುರು ಮಾಡುತ್ತಿದ್ದಳು. ಬೆಕ್ಕು ಬಾಣಸಿಗನ ಅಭಿನಯ ಬೇರೆ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ರಕ್ತದ ವಿಷಯ ಆ ಕಥೆಯಲ್ಲಿ ಎಂದೂ ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ಆರೋಗ್ಯ ಕೇಂದ್ರದ ಸಿಸ್ಟರ್ ನಮ್ಮ ಬೀದಿಗೆ ಬಂದರು. ಚರ್ಮದ ಕಾಯಿಲೆಗಳನ್ನು ಬೇಗ ಪತ್ತೆಹಚ್ಚಲು ಸ್ವಯಂಸೇವಕರು ಬೇಕು, ಓದಿದವರು ಬೇಡ, ಜನರ ಮೈಯನ್ನು ಹತ್ತಿರದಿಂದ ನೋಡುವ ಕಸುಬಿನವರು ಬೇಕು ಎಂದರು. ಕ್ಷೌರದವರು, ಹೊಲಿಗೆಯವರು, ಮೈ ತಿಕ್ಕುವವರು, ಈಜು ಕಲಿಸುವವರು. “ಮನುಷ್ಯನಿಗೆ ತನ್ನ ಬೆನ್ನು, ತನ್ನ ಕತ್ತಿನ ಹಿಂಭಾಗ ಕಾಣಲ್ಲ. ಡಾಕ್ಟರಿಗಿಂತ ಮೊದಲು ಅದು ಕಾಣೋದು ನಿಮಗೆ” ಎಂದರು. ಎದುರು ಅಂಗಡಿಯ ಕ್ಷೌರದಣ್ಣ ಕಾಲರ್ ಸರಿಮಾಡಿಕೊಂಡ. ಅತ್ತಿಗೆಯೂ ಉಬ್ಬಿಹೋದಳು. ನನ್ನನ್ನೂ ಎಳೆದುಕೊಂಡು ಹೋದಳು.

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ತರಬೇತಿ. ಕಜ್ಜಿ, ಹುಳುಕಡ್ಡಿ, ಆಕಾರ ಬದಲಿಸುವ ಮಚ್ಚೆ ಎಂದೆಲ್ಲ ಚಿತ್ರ ತೋರಿಸಿದ ಮೇಲೆ ಸಿಸ್ಟರ್ ಕುಷ್ಠರೋಗದ ಮಾತಿಗೆ ಬಂದರು. ಮೊದಮೊದಲು ಇದು ತುರಿಸುವುದಿಲ್ಲ, ನೋಯುವುದಿಲ್ಲ, ಚರ್ಮದ ಮೇಲೆ ಒಂದು ತಿಳಿಬಣ್ಣದ ಮಚ್ಚೆ ಬರುತ್ತದೆ ಅಷ್ಟೆ, ಅಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ ಎಂದರು. ಕ್ಷೌರದಣ್ಣನನ್ನು ಕೂರಿಸಿ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅವನ ತೋಳು ಮುಟ್ಟಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲು ಹೇಳಿದರು. ಅವನು ಪ್ರತಿ ಸಲವೂ ಸರಿಯಾಗಿ ತೋರಿಸಿ, ಪರೀಕ್ಷೆಯಲ್ಲಿ ಪಾಸಾದವನಂತೆ ಹಲ್ಲು ಕಿರಿದ.

“ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತೆ, ಮಾತ್ರೆ ಪುಕ್ಕಟೆ” ಎಂದರು ಸಿಸ್ಟರ್. “ಆದ್ರೆ ತಡವಾದ್ರೆ ನರ ಹಾಳಾಗುತ್ತೆ. ಹಾಳಾದ ನರ ಎಷ್ಟೋ ಸಲ ಮತ್ತೆ ಸರಿಹೋಗಲ್ಲ. ಅದಕ್ಕೇ ನೋಡಿ, ಯಾರಿಗಾದ್ರೂ ಚುಚ್ಚಿದ್ದು, ಸುಟ್ಟಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಅದು ಧೈರ್ಯ ಅಲ್ಲ. ಕೂಡಲೇ ನನ್ನ ಹತ್ರ ಕಳಿಸಿ.”

ಪಕ್ಕಕ್ಕೆ ತಿರುಗಿದರೆ ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡು ಕೈಯಲ್ಲೂ ಟೇಪು ಹಿಡಿದುಕೊಂಡು ಕೂತಿದ್ದಳು. ಮೆಟ್ಟಿಲು ಇಳಿಯುವಾಗ ಒಂದೇ ಮಾತು ಹೇಳಿದಳು.

“ಅವಳಿಗೆ ನಾನೇನಂದೆ ನೆನಪಿದೆಯೇನೇ ನಿನಗೆ?”

ನೆನಪಿತ್ತು. ಇಲ್ಲ ಎಂದೆ.

ಅಂದಿನಿಂದ ಆ ಹುಡುಗಿ ನಮ್ಮ ಅಂಗಡಿ ಸೇರಿಕೊಂಡಳು. ಹೀಗೆಂದರೆ ನಗಬೇಡಿ. ಪರದೆಯ ಹಿಂದೆ ಯಾರೇ ಬಟ್ಟೆ ಹಾಕಿ ನಿಂತು ಮಾತಾಡುತ್ತಿದ್ದರೂ ಅತ್ತಿಗೆಯ ಕೈ ನಿಂತುಹೋಗುತ್ತಿತ್ತು. ಅವರು ಹೇಳುತ್ತಿದ್ದದ್ದು ಮಗಳ ಪರೀಕ್ಷೆಯ ವಿಷಯವಿರಲಿ, ಮನೆ ಬಾಡಿಗೆಯ ವಿಷಯವಿರಲಿ, ಅವಳಿಗೆ ಕೇಳಿಸುತ್ತಿದ್ದದ್ದು ಬೆಕ್ಕಿನ ಕಥೆ. ಪಿನ್ನು ಹಾಕುವುದನ್ನೇ ಬಿಟ್ಟು ಚಾಕಿನಿಂದ ಗುರುತು ಹಾಕತೊಡಗಿದಳು. ಒಂದು ದಿನ ನಡುಮಧ್ಯಾಹ್ನ, ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ, ಎಳೆದಿದ್ದ ಪರದೆಯತ್ತ ನೋಡಿ “ಮುಗೀತೇನಮ್ಮಾ? ಹೊರಗೆ ಬಾ” ಎಂದಳು. ನಾನು ಎದ್ದು ಪರದೆ ಸರಿಸಿದೆ. ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನದೇ ಮುಖ ಕಂಡಿತು.

ಎಲ್ಲಕ್ಕಿಂತ ಅವಳನ್ನು ಕಿತ್ತು ತಿಂದದ್ದು ಇನ್ನೊಂದು. ಅವಳಿಗೆ ಹುಡುಗಿಯ ಮುಖ ನೆನಪಿರಲಿಲ್ಲ. ಅಳತೆ ಪುಸ್ತಕದಲ್ಲಿ ‘ಹೋಟೆಲ್, ಬಿಳಿ ಕೋಟು’ ಎಂದಷ್ಟೇ ಇತ್ತು. ಬೆನ್ನಗಲ ಹದಿಮೂರೂವರೆ, ಎಡ ಭುಜ ಅರ್ಧ ಇಂಚು ಕೆಳಗೆ. ಹೋಟೆಲಿಗೆ ಹೋಗಿ ಕೇಳಿದೆವು. ಅದು ಎರಡು ಸಲ ಕೈ ಬದಲಾಗಿತ್ತು, ಹಳಬರು ಯಾರೂ ಇರಲಿಲ್ಲ. ಬೆಕ್ಕಿನ ಬಾಣಸಿಗ ಬೇರೆ ದೇಶಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು.

“ಹೇಗಾದ್ರೂ ಹುಡುಕ್ತೀನಿ. ಹುಡುಕಿ ಹೇಳ್ತೀನಿ” ಎಂದಳು ಅತ್ತಿಗೆ.

“ಏನು ಹೇಳ್ತೀಯಾ? ಹನ್ನೊಂದು ವರ್ಷ ಆಯ್ತು. ವಾಸಿಯಾಗಿರುತ್ತೆ, ಇಲ್ಲಾಂದ್ರೆ ಅದು ಆ ಕಾಯಿಲೆಯೇ ಅಲ್ಲದಿರಬಹುದು.”

“ರಕ್ತ ಬಂದಿತ್ತು ಅಂತ ಹೇಳ್ಬೇಕು. ಅವಳಿಗೆ ಅದು ಗೊತ್ತೇ ಇಲ್ಲ.”

ಅವಳು ಕಾಲಿಗೆ ಚಕ್ರ ಕಟ್ಟಿಕೊಂಡಳು. ಭಾನುವಾರದ ತಪಾಸಣೆ ಶಿಬಿರ ಒಂದನ್ನೂ ಬಿಡಲಿಲ್ಲ. ಸಮುದಾಯ ಭವನ, ಸಿದ್ಧ ಉಡುಪಿನ ಕಾರ್ಖಾನೆ, ನರ್ಸಿಂಗ್ ಹಾಸ್ಟೆಲು, ಮಾರುಕಟ್ಟೆಯ ಹಿಂದಿನ ಗೋದಾಮು. ಹೆಂಗಸರ ಪರದೆಯೊಳಗೆ ಸಿಸ್ಟರ್ ಮುಂಭಾಗದಲ್ಲಿ, ಅತ್ತಿಗೆ ಹಿಂಭಾಗದಲ್ಲಿ. ಅನುಮಾನ ಬಂದಲ್ಲಿ ಹತ್ತಿಯ ಎಳೆ ಮುಟ್ಟಿಸಿ “ಕಣ್ಣು ಮುಚ್ಕೊಳ್ಳಮ್ಮಾ, ಎಲ್ಲಿ ಮುಟ್ದೆ ತೋರ್ಸು” ಎನ್ನುವಾಗ ಅವಳ ಧ್ವನಿ ನಡುಗುವುದು ನನಗೆ ಮಾತ್ರ ತಿಳಿಯುತ್ತಿತ್ತು. ಅಂಗಡಿಗೆ ಬರುವವರು ಕಡಿಮೆಯಾದರು. “ಅಲ್ಲಿ ಹೋದ್ರೆ ಅಂಗಿ ಹೊಲಿಯೋ ಮೊದ್ಲು ರೋಗ ಹುಡುಕ್ತಾರೆ” ಎಂದು ಮೂಗು ಮುರಿದರು. ಕ್ಷೌರದಣ್ಣನೂ ಛೇಡಿಸಿದ: “ಟೇಪಕ್ಕಾ, ಮುಂದಿನ ಚುನಾವಣೆಗೆ ನಿಲ್ತೀಯಾ ಹೇಗೆ? ನಾನು ವಾರಕ್ಕೆ ಹತ್ತು ತಲೆ ನೋಡಿದ್ರೆ ನೀನು ನೂರು ಬೆನ್ನು ನೋಡ್ತೀಯಲ್ಲ!”

ನಾಲ್ಕು ವರ್ಷದಲ್ಲಿ ಅವಳು ಹನ್ನೊಂದು ಜನರನ್ನು ಹಿಡಿದಳು. ಹನ್ನೊಂದು ಜನರೂ ಬೇಗ ಸಿಕ್ಕರು, ಹನ್ನೊಂದು ಜನರೂ ಮಾತ್ರೆ ತಿಂದು ವಾಸಿಯಾದರು. ಸಿಸ್ಟರ್ ಸಭೆಯೊಂದರಲ್ಲಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಅತ್ತಿಗೆ ತಲೆಯೆತ್ತಲಿಲ್ಲ. ಪ್ರತಿ ಸಲ ಮಚ್ಚೆಯೊಂದು ಸಿಕ್ಕಾಗ ಅವಳು ಮೊದಲು ಎಡ ಭುಜ ನೋಡುತ್ತಿದ್ದಳು, ಆಮೇಲೆ ನನ್ನತ್ತ ತಿರುಗಿ ಇವಳಲ್ಲ ಎಂದು ತಲೆಯಾಡಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಹನ್ನೊಂದು ಜನರ ಕೈಕಾಲು ಉಳಿಸಿದವಳಿಗೆ ಒಂದು ದಿನವಾದರೂ ನೆಮ್ಮದಿ ಬೇಡವೇ? ಸಿಟ್ಟಿನ ಅಡಿಯಲ್ಲಿ ಬೇರೆಯೇ ಇತ್ತು ಅನ್ನಿ. ಅವಳು ಹುಡುಕಿ ಹುಡುಕಿ ಆ ಹುಡುಗಿಯನ್ನು ಕರೆತಂದುಬಿಟ್ಟರೆ, ತೊಳೆದವಳು ಯಾರು ಎಂಬ ಪ್ರಶ್ನೆ ನನ್ನ ಮುಂದೆ ಬರುತ್ತಿತ್ತು.

ಕಳೆದ ತಿಂಗಳು ಸಿಸ್ಟರ್ ಒಂದು ಕೆಲಸ ಹೇಳಿದರು. ಕಾಯಿಲೆ ವಾಸಿಯಾದರೂ ಕೈಯ ಸ್ಪರ್ಶ ಹೋದವರು ವಾರಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಸೇರುತ್ತಾರೆ, ಕೈಕಾಲು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಗಾಯವಿದೆಯೇ ಎಂದು ಕಣ್ಣಿನಿಂದ ನೋಡಿಕೊಳ್ಳುತ್ತಾರೆ. ಒಲೆಯ ಮುಂದೆ ಹಾಕಿಕೊಳ್ಳಲು ಅವರಿಗೆ ದಪ್ಪ ಕೈಗವಸು ಹೊಲಿದುಕೊಡಬೇಕು, ಬಂದು ಅಳತೆ ತೆಗೆದುಕೊಳ್ಳಿ ಎಂದರು.

ಶನಿವಾರ ಬೆಳಿಗ್ಗೆ ಹೋದೆವು. ಉದ್ದನೆಯ ಕೋಣೆ, ಹಸಿರು ಬಣ್ಣ ಬಳಿದ ಗೋಡೆ, ನಮ್ಮತ್ತ ಬೆನ್ನು ಮಾಡಿ ಸಾಲಾಗಿ ಕೂತ ಎಂಟು ಜನ, ಎಲ್ಲರ ಮುಂದೆ ಒಂದೊಂದು ಬೇಸಿನ್ನು. ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ಮುಂಗೈ ಹಿಡಿದುಕೊಂಡಳು. ಉಗುರು ನಾಟುವಷ್ಟು ಗಟ್ಟಿಯಾಗಿ.

“ಕೊನೆಯಿಂದ ಎರಡ್ನೇದು” ಎಂದಳು.

ಎಡ ಭುಜ ಅರ್ಧ ಇಂಚು ಕೆಳಗಿತ್ತು.

ನನಗೆ ಓಡಿಹೋಗಬೇಕೆನಿಸಿತು. ಅತ್ತಿಗೆ ನಡೆದುಹೋಗಿ ಆಕೆಯ ಮುಂದೆ ನಿಂತು, ಹೋಟೆಲಿನ ಕೋಟು, ಬೆಕ್ಕು ಎಂದು ಏನೋ ತೊದಲಿದಳು. ಆ ಹೆಂಗಸು ತಲೆಯೆತ್ತಿದಳು. ಮೂವತ್ತನಾಲ್ಕರ ಸುಮಾರಿನ, ನಗುಮುಖದ ಹೆಂಗಸು. ಮುಖ ಕಂಡರೂ ನನಗೆ ಗುರುತು ಸಿಗಲಿಲ್ಲ.

“ಅಯ್ಯೋ, ಕೋಟು ಸರಿಮಾಡಿಕೊಟ್ಟ ಅಕ್ಕ!” ಎಂದಳು. “ಧ್ವನಿ ಕೇಳಿದ ತಕ್ಷಣ ಗೊತ್ತಾಯ್ತು. ಕೂತ್ಕೊಳ್ಳಿ, ಕೂತ್ಕೊಳ್ಳಿ.”

ಬೇಸಿನ್ನಿನಿಂದ ಕೈ ಎತ್ತಿ ಟವೆಲಿನಲ್ಲಿ ಒರೆಸಿಕೊಂಡಳು. ಎಡಗೈಯ ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿದ್ದವು. ಎರಡೂ ಅಂಗೈ ಮೇಲೆ ಹಳೆಯ ಸುಟ್ಟ ಗಾಯದ ಗುರುತುಗಳು. ಅವಳು ಈಗಲೂ ಅಂದಿನಂತೆಯೇ ನಿಲ್ಲಿಸದೆ ಮಾತಾಡುತ್ತಿದ್ದಳು.

“ನೀವು ಆವತ್ತು ಒಂದು ಮಾತು ಹೇಳಿದ್ರಿ ಅಕ್ಕಾ, ನೆನಪಿದೆಯಾ? ಅಡುಗೆಮನೆಗೇ ಮಾಡಿಸಿದ ಚರ್ಮ ಅಂತ. ಮೊದಲ ದಿನವೇ ಅಲ್ಲಿ ಹೇಳ್ಕೊಂಡೆ ನೋಡಿ! ಹೊಸಬಳು, ಯಾರೂ ಮಾತಾಡಿಸ್ತಿರ್ಲಿಲ್ಲ. ಅದಾದ ಮೇಲೆ ಎಲ್ರೂ ನನ್ನನ್ನ ಉಕ್ಕಿನ ಕೈ ಅಂತ ಕರೆಯೋಕೆ ಶುರುಮಾಡಿದ್ರು. ಒಲೆಯಿಂದ ಟ್ರೇ ತೆಗೆಯೋದು ನನ್ನದೇ ಕೆಲಸ ಆಯ್ತು. ಮೊದಮೊದಲು ಬಿಸಿ ಗೊತ್ತಾಗ್ತಿತ್ತು, ಹೇಳಿದ್ರೆ ನಗ್ತಾರೆ ಅಂತ ತಡ್ಕೊಂಡೆ. ಬರ್ತಾ ಬರ್ತಾ ಏನೂ ಗೊತ್ತಾಗ್ಲೇ ಇಲ್ಲ. ಅಭ್ಯಾಸ ಆಯ್ತು ಅಂದ್ಕೊಂಡೆ. ಮೂರು ವರ್ಷ ಹಾಗೇ ಹೋಯ್ತು. ಅಷ್ಟರಲ್ಲಿ ಮೊಣಕೈ ಹತ್ತಿರದ ನರ ಹೋಗಿತ್ತಂತೆ. ಕಾಯಿಲೆ ಏನೋ ಮಾತ್ರೆಯಿಂದ ವಾಸಿಯಾಯ್ತು. ಈಗ ವಾಹನ ನಿಲ್ಲಿಸೋ ಜಾಗದಲ್ಲಿ ಚೀಟಿ ಕೊಡೋ ಕೆಲಸ. ಪರವಾಗಿಲ್ಲ, ಕೂತ್ಕೊಂಡು ಮಾಡೋದು.”

ಇದನ್ನೆಲ್ಲ ಅವಳು ನಗುತ್ತಲೇ ಹೇಳಿದಳು, ಯಾವ ದೂರೂ ಇಲ್ಲದೆ. ದೂರಿದ್ದರೆ ಕೇಳುವುದು ಸುಲಭವಿರುತ್ತಿತ್ತು. ಅತ್ತಿಗೆ ನೆಲದ ಮೇಲೆ ಕುಸಿದು ಕೂತಳು.

“ಆವತ್ತು ಪಿನ್ನು ಬರೀ ತಾಗಿದ್ದಲ್ಲಮ್ಮಾ” ಎಂದಳು. “ಅರ್ಧ ಒಳಗೆ ಹೋಗಿತ್ತು. ರಕ್ತ ಬಂತು. ನೀನು ಜಗಳ ಮಾಡ್ತೀಯ ಅಂತ ಹೆದರಿ ಹೇಳ್ಲಿಲ್ಲ. ಹೊಗಳಿ ಮುಚ್ಚಿಬಿಟ್ಟೆ.”

ಆ ಹೆಂಗಸಿನ ಮಾತು ನಿಂತಿತು. ಮೊದಲ ಸಲ.

“ರಕ್ತ ಬಂದಿತ್ತಾ?”

“ಬಂದಿತ್ತು.”

“ಆದ್ರೆ ಕೋಟಿನ ಮೇಲೆ ಏನೂ ಇರ್ಲಿಲ್ಲ.”

ಅತ್ತಿಗೆ ನನ್ನತ್ತ ನೋಡಲಿಲ್ಲ. ಅವಳು ಬೇಕೆಂದೇ ನೋಡಲಿಲ್ಲ, ನನ್ನನ್ನು ಉಳಿಸಲು. ಅದು ನನಗೆ ತಡೆಯಲಾಗಲಿಲ್ಲ.

“ನಾನು ತೊಳೆದೆ” ಎಂದೆ. “ನಿನ್ನ ಬೆನ್ನನ್ನೂ ಒರೆಸಿದೆ. ಚಾಕ್ ಪುಡಿ ಅಂತ ಸುಳ್ಳು ಹೇಳಿದೆ. ಅಲ್ಲಿದ್ದ ಮಚ್ಚೆಯನ್ನೂ ನೋಡಿದ್ದೆ.”

ಪಕ್ಕದವರು ಬೇಸಿನ್ನಿನಲ್ಲಿ ಕೈ ಆಡಿಸುವುದನ್ನು ನಿಲ್ಲಿಸಿದ್ದರು.

“ನನ್ನ ಬಟ್ಟೆ ಒಗೀತಿದ್ದವಳು ಅಮ್ಮ” ಎಂದಳು ಆಕೆ, ಮೆಲ್ಲಗೆ. “ಒಂದು ಚುಕ್ಕೆ ರಕ್ತ ಕಂಡ್ರೂ ಮನೆ ತಲೆ ಮೇಲೆ ಹೊತ್ಕೊಳ್ಳೋಳು. ಎಲ್ಲಿ ಗಾಯ, ಯಾಕೆ ನೋವಾಗ್ಲಿಲ್ಲ ಅಂತ ಪ್ರಾಣ ತಿಂದು, ಅವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋಗಿರೋಳು. ಅವಳು ಹಾಗೇ ಇದ್ದಿದ್ದು.”

ಇಷ್ಟೇ ಹೇಳಿದಳು. ಬಯ್ಯಲಿಲ್ಲ. ಹೊಡೆದಿದ್ದರೆ ಕೆನ್ನೆ ಕೊಡುತ್ತಿದ್ದೆ. ಇಪ್ಪತ್ತೆರಡು ವರ್ಷ ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಜಂಬ ಪಟ್ಟವಳು ನಾನು. ನನ್ನ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅತ್ತಿಗೆ ಬಿಕ್ಕುತ್ತಿದ್ದಳು. ಆ ಹೆಂಗಸು ಕುರ್ಚಿಯಿಂದ ಎದ್ದು, ನಮಗೆ ಬೆನ್ನು ತಿರುಗಿಸಿ ನಿಂತಳು.

“ಎಲ್ಲಿ ಚುಚ್ಚಿದ್ದು ಅಕ್ಕಾ?” ಎಂದಳು. “ನಾನು ನೋಡೇ ಇಲ್ಲವಲ್ಲ. ಬೆರಳಿಟ್ಟು ತೋರ್ಸಿ.”

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದಳು. ಎಡ ಹೆಗಲ ಮೂಳೆಯ ಕೆಳಗೆ, ಹುಡುಕದೆ, ನೇರವಾಗಿ ಬೆರಳಿಟ್ಟಳು. ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದಳು. ಆ ಹೆಂಗಸು ಗೋಡೆ ನೋಡುತ್ತಾ ಕಾಯುತ್ತಿದ್ದಳು.

“ಇಡಿ ಅಕ್ಕಾ, ಪರವಾಗಿಲ್ಲ” ಎಂದಳು. “ಯಾಕೆ ಹೆದರ್ತೀರಾ?”